ಸಿಂಹಮುಖದ ಕಲ್ಲು ಪೇಟೆಗೆ ಇಳಿದದ್ದು

ಸ್ಕಾಟ್‌ಲೆಂಡಿನ ಒಂದು ಪಟ್ಟಣದ ಹಳೆಯ ಕ್ಯಾಥೆಡ್ರಲ್ಲಿನ ಸೂರಂಚಿನಲ್ಲಿ ಸಿಂಹಮುಖದ ಕಲ್ಲೊಂದಿತ್ತು. ಮಾಡಿನ ಮಳೆನೀರನ್ನು ಬಾಯಿಂದ ಹೊರಗೆ ಉಗುಳುವುದು ಅದರ ಕೆಲಸ. ಹಾಗಾಗಿ ಬಿಷಪ್ಪರಿಂದ ಹಿಡಿದು ಬೆಸ್ತರವರೆಗೆ ಎಲ್ಲರೂ ಅದರಿಂದ ದೂರ ಸರಿದೇ ನಡೆಯುತ್ತಿದ್ದರು.

ಕಾಲ ಬದಲಾಯಿತು. ಪೂಜೆ ನಿಂತಿತು, ಮಾಡು ಕುಸಿಯಿತು. ಊರವರು ಮನೆ ಕಟ್ಟಲು ಒಂದೊಂದೇ ಕಲ್ಲು ಒಯ್ಯತೊಡಗಿದರು. ಪಕ್ಕದಲ್ಲಿದ್ದ ದೇವದೂತನ ಕಲ್ಲು ಎಚ್ಚರಿಸಿತು: "ನಾವು ದೇವರ ಮನೆಯವರು. ಪೇಟೆಗೆ ಇಳಿದರೆ ಮಾನ ಹೋಗುತ್ತದೆ. ಗಾರೆಯನ್ನು ಬಿಗಿಯಾಗಿ ಹಿಡಿದುಕೋ."

ಅಷ್ಟರಲ್ಲಿ ರೊಟ್ಟಿ ಸುಡುವ ಎಲ್ಸ್‌ಪೆತ್ ಕೈಗಾಡಿ ತಳ್ಳಿಕೊಂಡು ಬಂದಳು. ಬೆಂಕಿಗೆ ಮನೆ ಕಳೆದುಕೊಂಡವಳು ಆಕೆ. ತಲೆಯೆತ್ತಿ ನೋಡಿ, "ಅಬ್ಬಾ, ಎಂಥ ಬಾಯಿ! ನನ್ನ ಒಲೆಯ ಹೊಗೆಗಂಡಿಗೆ ಹೇಳಿ ಮಾಡಿಸಿದಂತಿದೆ!" ಎಂದಳು.

ಅದರ ಬಾಯನ್ನು ಯಾರೂ ಎಂದೂ ಹೊಗಳಿರಲಿಲ್ಲ. ಸಿಂಹ ಉಬ್ಬಿಹೋಯಿತು. ಉಬ್ಬಿದ ರಭಸಕ್ಕೆ ಗಾರೆ ಬಿರಿದು, ಸಿಂಹದ ಕಲ್ಲು ದೊಪ್ಪನೆ ಹುಲ್ಲಿನ ಮೇಲೆ ಬಿತ್ತು.

ಕೆಲವು ವಾರಗಳ ಮೇಲೆ ದೇವದೂತನ ಕಲ್ಲು ಪೇಟೆಯಿಂದ ಹಾರಿಬಂದ ಕಾಗೆಯೊಂದನ್ನು ಕೇಳಿತು: "ಪಾಪ, ಸಿಂಹ ಅಳುತ್ತಿದೆಯೇ?"

"ಅಳುವುದೇ? ಮೊದಲ ಹೊಗೆಗೆ ಸೀನಿ ಸೀನಿ ರೊಟ್ಟಿಯವಳ ಮುಖಕ್ಕೆಲ್ಲ ಮಸಿ ಬಳಿಯಿತು. ಆಕೆ ಬಿದ್ದು ಬಿದ್ದು ನಕ್ಕಳು. ಈಗ ಅದರ ಬಾಯಿಂದ ರೊಟ್ಟಿಯ ಘಮ ಬರುತ್ತದೆ. ಇಡೀ ಪೇಟೆ ಅದರ ಕೆಳಗೇ ನಿಂತು ಹರಟುತ್ತದೆ," ಎಂದಿತು ಕಾಗೆ.

ದೇವದೂತನ ಕಲ್ಲು ಸುತ್ತಲೂ ನೋಡಿತು. ಬೋಳು ಗೋಡೆ, ಬರಿಯ ಗಾಳಿ. ರೆಕ್ಕೆಯ ಸಂದಿನ ಗಾರೆಯನ್ನು ಮೆಲ್ಲನೆ ಕೆರೆಯುತ್ತ ಕೇಳಿತು: "ಊರಲ್ಲಿ ಇನ್ನಾರಾದರೂ ಮನೆ ಕಟ್ಟುತ್ತಿದ್ದಾರೆಯೇ?"