ಖಾಲಿ ಹಾಳೆಯ ಪರೀಕ್ಷೆ

"ಬುದ್ಧಿ, ಯಾರ ಮನಸ್ಸನ್ನೂ ನೋಯಿಸದೆ ಬದುಕಿದವನಿಗೆ ತನ್ನವರು ಅಂತ ಒಬ್ಬರೂ ಯಾಕಿರುವುದಿಲ್ಲ?"

ಮಠದ ಜಗಲಿಯಲ್ಲಿ ಕೂತಿದ್ದ ಗುರುಗಳು ಶಿಷ್ಯ ಪಂಚಾಕ್ಷರಿಯ ಮುಖ ನೋಡಿದರು. "ಯಾರಪ್ಪಾ ಆ ಪುಣ್ಯಾತ್ಮ?"

"ಯಾರೂ ಇಲ್ಲ ಬುದ್ಧಿ. ಹಾಗೇ ಕೇಳಿದೆ."

"ಹಾಗೋ! ಸರಿ, ನಾನೂ ಹಾಗೇ ಒಂದು ಕತೆ ಹೇಳುತ್ತೇನೆ, ಕೇಳು," ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಲೇಸರ್ ಪ್ರಿಂಟರ್ ರಿಪೇರಿ ಮಾಡುವವನೊಬ್ಬನಿದ್ದ. ಆ ಯಂತ್ರದಲ್ಲಿ ಶಾಯಿ ಇರುವುದಿಲ್ಲ, ಕಪ್ಪು ಪುಡಿ ಇರುತ್ತದೆ. ಪುಡಿ ಅಕ್ಷರದ ಆಕಾರದಲ್ಲಿ ಕಾಗದದ ಮೇಲೆ ಬರೀ ಕೂತಿರುತ್ತದೆ. ಉಫ್ ಅಂದರೆ ಹಾರಿಹೋಗುತ್ತದೆ. ಅದನ್ನು ಕಾಗದಕ್ಕೆ ಕಚ್ಚಿಸುವುದು ಕೊನೆಯ ಎರಡು ರೋಲರುಗಳ ಕೆಲಸ. ಒಂದು ಕಾಯಿಸುತ್ತದೆ, ಇನ್ನೊಂದು ಒತ್ತುತ್ತದೆ. ಅವೆರಡರ ನಡುವೆ ಹಾದುಬಂದ ಮೇಲೆಯೇ ಅದು ಅಕ್ಷರ. ರೋಲರು ಸರಾಗವಾಗಿ ತಿರುಗಲು ಒಳಗೆ ಒಂದಿಷ್ಟು ಗ್ರೀಸ್ ಬೇಕು. ಒಂದಿಷ್ಟು ಅಂದರೆ ಒಂದಿಷ್ಟೇ.

ಈ ಮನುಷ್ಯನಿಗೆ ಸದ್ದು ಅಂದರೆ ಆಗದು. ಹಿಂದೊಮ್ಮೆ ಅವನು ರಿಪೇರಿ ಮಾಡಿಕೊಟ್ಟ ಯಂತ್ರ ಕಿರ್ ಅಂದಿತು ಅಂತ ಒಬ್ಬ ಅಂಗಡಿಯವನು ಎಲ್ಲರೆದುರು ಅವನ ಮರ್ಯಾದೆ ತೆಗೆದಿದ್ದ. ಆವತ್ತಿನಿಂದ ಯಾವ ಯಂತ್ರ ಸಿಕ್ಕಿದರೂ ಗ್ರೀಸನ್ನು ಬೇಕಾಬಿಟ್ಟಿ ಮೆತ್ತುತ್ತಿದ್ದ. ಅದೂ ಸಾಲದು ಅಂತ ಒತ್ತುವ ರೋಲರಿನ ಸ್ಪ್ರಿಂಗನ್ನು ಸಡಿಲ ಬಿಡುತ್ತಿದ್ದ. ಆಮೇಲೆ ಖಾಲಿ ಹಾಳೆ ಹಾಕಿ ಓಡಿಸಿ ನೋಡುತ್ತಿದ್ದ. ಅಕ್ಷರ ಹಾಕಿದರೆ ಪುಡಿ ದಂಡವಂತೆ! ಹಾಳೆ ಸದ್ದಿಲ್ಲದೆ ಹೊರಗೆ ಬಂತೋ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ಖಾಲಿ ಹಾಳೆಯಲ್ಲಿ ಏನು ತಪ್ಪು ಕಂಡೀತು, ನೀನೇ ಹೇಳು.

ಮುಟ್ಟಿದರೆ ಅಕ್ಷರ ಪುಡಿಯಾಗಿ ಕೈಗೆ ಅಂಟಿಕೊಂಡು ಬರುತ್ತಿದೆ ಅಂತ ಅಂಗಡಿಯವರಿಗೆ ಬೇಗನೆ ಗೊತ್ತಾಗುತ್ತಿತ್ತು. ಆದರೆ ಇಷ್ಟು ಸಾಧು ಮನುಷ್ಯನನ್ನು ಬೈಯಲು ಯಾರಿಗೂ ಮನಸ್ಸು ಬರಲಿಲ್ಲ. ಬೈಯಲಿಲ್ಲ, ಮುಂದಿನ ಸಲ ಬೇರೆಯವನನ್ನು ಕರೆದರು. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು. ಇವನೂ ನಗುತ್ತಿದ್ದ. ಹೇಗಿದ್ದೀರಿ ಅಂದರೆ ಆರಾಮು ಅನ್ನುತ್ತಿದ್ದ. ನನ್ನನ್ನು ಯಾಕೆ ಕರೆಯುವುದಿಲ್ಲ ಅಂತ ಇವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸಂಜೆ ಹೋಟೆಲಿನಿಂದ ಅನ್ನ ಸಾರು ಕಟ್ಟಿಸಿಕೊಂಡು ಬಂದು ಗೋಡೆ ನೋಡುತ್ತ ಉಣ್ಣುತ್ತಿದ್ದ. ಆರಾಮು ಎಂಥದ್ದು, ಮಣ್ಣು! ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಗದರುವುದಕ್ಕಾದರೂ ಒಂದು ಜೀವ ಇರಬಾರದೇ ಅನ್ನಿಸುತ್ತಿತ್ತು. ವಯಸ್ಸು ನಲವತ್ತು ದಾಟಿತು.

ಕಡೆಗೆ ಅವನ ಸೋದರಮಾವನೇ ಕನಿಕರಪಟ್ಟು ಒಂದು ಸಂಬಂಧ ನೋಡಿದ. ಪಕ್ಕದ ಊರಿನಲ್ಲಿ ಹೊಲಿಗೆ ಹಾಕಿಕೊಂಡು ಬದುಕುವ ಹೆಣ್ಣುಮಗಳು. ಗಂಡ ತೀರಿಹೋಗಿದ್ದ. ಅವಳಿಗೂ ಒಂದು ಜೊತೆ ಬೇಕಿತ್ತು. "ನಿನ್ನ ವಿವರ ಒಂದು ಹಾಳೆಯಲ್ಲಿ ಅಚ್ಚು ಹಾಕಿಕೊಂಡು ಹೋಗು. ಮಿಕ್ಕಿದ್ದು ನೀನುಂಟು, ಅವಳುಂಟು," ಅಂದ ಮಾವ.

ರಿಪೇರಿಯವನು ತನ್ನ ಕೋಣೆಯ ಯಂತ್ರದ ಮುಂದೆ ಕೂತ. ಪಕ್ಕದ ಕಂಪ್ಯೂಟರಿನಲ್ಲಿ ಹೆಸರು, ಊರು, ಕೆಲಸ ಟೈಪ್ ಮಾಡಿದ. ಮುಂದೆ ಏನು ಹಾಕಬೇಕೋ ತೋಚಲಿಲ್ಲ. ಬಹಳ ಹೊತ್ತು ಕೂತು, ಕೊನೆಗೆ ಧೈರ್ಯ ಮಾಡಿ, ಒಂದು ಸಾಲು ಸೇರಿಸಿದ: "ಒಬ್ಬನೇ ಉಂಡು ಉಂಡು ಸಾಕಾಗಿದೆ." ಹುಟ್ಟಿದಾಗಿನಿಂದ ಅವನು ಯಾರಿಗೂ ಹೇಳಿದ್ದ ಮಾತಲ್ಲ ಅದು. ಹಾಳೆ ಸದ್ದಿಲ್ಲದೆ ಹೊರಗೆ ಬಂತು. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ, ಪಾಪ.

ಅವಳು ಹಾಳೆ ಬಿಚ್ಚಿದಳು. ಕಪ್ಪು ಪುಡಿ ಸೀರೆಯ ಮೇಲೆ ಉದುರಿತು. ಹೆಸರಿನಲ್ಲಿ ಅರ್ಧ ಉಳಿದಿತ್ತು. ಮಿಕ್ಕಿದ್ದೆಲ್ಲ ಮಸಿ, ಅಂಚಿನಲ್ಲಿ ಗ್ರೀಸಿನ ಕಲೆ. ತಾನು ರಿಪೇರಿ ಮಾಡಿದ ಯಂತ್ರಗಳು ಏನು ಮಾಡುತ್ತಿದ್ದವು ಅಂತ ರಿಪೇರಿಯವನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅವಳು ಸಿಟ್ಟಾಗಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕೆಳಗೆ ಇಲ್ಲೇನೋ ಒಂದು ಸಾಲು ಇದ್ದ ಹಾಗಿದೆ. ಏನು ಬರೆದಿದ್ದಿರಿ?"

ಹೇಳಿಬಿಡೋಣ ಅಂತ ಅವನಿಗೆ ಅನ್ನಿಸಿತು. ಹೇಳಿದರೆ ನಕ್ಕಾಳು. ನಗದಿದ್ದರೆ ನೊಂದುಕೊಂಡಾಳು. ಇವನು ಇಷ್ಟು ಗತಿಗೆಟ್ಟವನೇ ಅಂದುಕೊಂಡಾಳು.

"ಅಯ್ಯೋ, ಏನಿಲ್ಲ ಬಿಡಿ," ಅಂದ. "ನನ್ನಿಂದ ಯಾರಿಗೂ ತೊಂದರೆಯಿಲ್ಲ. ನಿಮಗೆ ಹೇಗೆ ಅನುಕೂಲವೋ ಹಾಗೆ."

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಅವನು ನಗುತ್ತ ಕೂತಿದ್ದ. ಆಮೇಲೆ ಅವಳು ಎದ್ದು ಕೈ ತೊಳೆದುಕೊಂಡು ಬಂದು ಕಾಫಿ ಕೊಟ್ಟಳು. ಒಳ್ಳೆಯ ಕಾಫಿ. ಬಾಗಿಲ ತನಕ ಬಂದು ಕಳಿಸಿಕೊಟ್ಟಳು. ಯಾರೂ ಯಾರಿಗೂ ಒಂದು ಬಿರುಸು ಮಾತಾಡಲಿಲ್ಲ. ಸಂಬಂಧ ಅಲ್ಲಿಗೇ ನಿಂತಿತು. ರಿಪೇರಿಯವನು ಊರಿಗೆ ಬಂದು, ಹೋಟೆಲಿನಲ್ಲಿ ಊಟ ಕಟ್ಟಿಸಿಕೊಂಡು, ಕೋಣೆಯ ಬೀಗ ತೆಗೆದ.

ಗುರುಗಳು ಕತೆ ನಿಲ್ಲಿಸಿದರು.

ಪಂಚಾಕ್ಷರಿಗೆ ತಡೆದುಕೊಳ್ಳಲಾಗಲಿಲ್ಲ. ಅವನ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು. "ಎಂಥ ಮನುಷ್ಯ ಬುದ್ಧಿ ಅವನು! ಅಕ್ಷರ ಹೋದರೆ ಹೋಯಿತು, ಬಾಯಿ ಇರಲಿಲ್ಲವೇ? ಅವಳಾಗಿಯೇ ಕೇಳಿದಳಲ್ಲ! ಆ ಒಂದು ಸಾಲು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

"ಸರಿ, ನಾನೂ ಕೇಳುತ್ತಿದ್ದೇನೆ," ಅಂದರು ಗುರುಗಳು. "ನಿನ್ನ ಸಾಲು ಯಾವುದು, ಪಂಚಾಕ್ಷರಿ?"

ಪಂಚಾಕ್ಷರಿ ಬಾಯಿ ತೆರೆದ. "ಅಯ್ಯೋ, ಏನಿಲ್ಲ ಬಿಡಿ ಬುದ್ಧಿ," ಅಂದ.