ಗೋಲ್‌ಕೀಪರನ ಅಣ್ಣ

"ಗುರುಗಳೇ, ಫ್ಯಾಂಟಸಿ ಫುಟ್‌ಬಾಲನ್ನು ಹೊಸಬನು ಹೇಗೆ ಆಡಬೇಕು?"

ಪಾಠ ಮುಗಿದು ಉಳಿದವರು ಎದ್ದುಹೋದ ಮೇಲೆ ಶಿಷ್ಯನಾದ ಪ್ರಭುಲಿಂಗನು ಹೀಗೆ ಕೇಳಿದನು. ಆ ಆಟ ಎಂಥದೆಂದು ಗುರುಗಳು ವಿಚಾರಿಸಿದರು. ಅವನು ವಿವರಿಸಿದನು:

"ನಿಜವಾದ ತಂಡಗಳು ಮೈದಾನದಲ್ಲಿ ಆಡುತ್ತವೆ. ಆ ತಂಡಗಳಿಂದ ಬೇಕಾದ ಆಟಗಾರರನ್ನು ಆರಿಸಿ ನಾವು ನಮ್ಮದೇ ಒಂದು ಕಲ್ಪನೆಯ ತಂಡವನ್ನು ಕಟ್ಟುತ್ತೇವೆ. ಅವರು ಅಲ್ಲಿ ಗೋಲ್ ಹೊಡೆದರೆ ಇಲ್ಲಿ ನಮಗೆ ಅಂಕ ಬರುತ್ತದೆ. ವಿದ್ಯಾರ್ಥಿನಿಲಯದಲ್ಲಿ ಎಲ್ಲರೂ ಆಡುತ್ತಿದ್ದಾರೆ. ನಾನು ಹೆಸರುವಾಸಿಯಾದವರನ್ನೇ ಹುಡುಕಿ ಕಟ್ಟಿದ ತಂಡವನ್ನು ನೋಡಿ, 'ಇದೇನಪ್ಪಾ, ಸನ್ಮಾನ ಸಮಾರಂಭಕ್ಕೆ ಕರೆದ ಅತಿಥಿಗಳ ಹಾಗಿದೆಯಲ್ಲ' ಎಂದು ನಕ್ಕರು."

ಗುರುಗಳೂ ನಕ್ಕರು. ಅನಂತರ ಈ ಕತೆಯನ್ನು ಹೇಳಿದರು.

ಒಬ್ಬ ನೇಕಾರನಿದ್ದನು. ಅವನಿಗೆ ಒಬ್ಬನೇ ತಮ್ಮ. ತಂದೆತಾಯಿಗಳು ತೀರಿಕೊಂಡ ಮೇಲೆ ಅಣ್ಣನೇ ಅವನನ್ನು ಸಾಕಿದ್ದನು. ಅವರ ಊರಿನಲ್ಲಿ ಪ್ರತಿಯೊಂದು ಕೇರಿಗೂ ಒಂದು ಫುಟ್‌ಬಾಲ್ ತಂಡವಿತ್ತು. ತಮ್ಮನು ತನ್ನ ಕೇರಿಯ ಗೋಲ್‌ಕೀಪರನಾಗಿದ್ದನು.

ಆ ವಿದ್ಯೆಯನ್ನು ಕಲಿಸಿದವನೂ ಅಣ್ಣನೇ. ನೂಲು ಒಣಗಿಸುವ ಎರಡು ಗಳುಗಳನ್ನು ನೆಟ್ಟು, ತಮ್ಮನನ್ನು ಅವುಗಳ ನಡುವೆ ನಿಲ್ಲಿಸಿ, ತಾನು ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದನು. ಎದುರಿನಿಂದ ಯಾರಾದರೂ ಚೆಂಡನ್ನು ಒದೆಯುವ ಹೊತ್ತಿಗೆ ಅಣ್ಣನು 'ಎಡಕ್ಕೆ' ಎಂದೋ 'ಬಲಕ್ಕೆ' ಎಂದೋ ಕೂಗುತ್ತಿದ್ದನು. ತಮ್ಮನು ಹಿಂದಿರುಗಿ ನೋಡದೆ ಆ ಕಡೆಗೆ ಹಾರುತ್ತಿದ್ದನು. ಅವನು ಎಡಕ್ಕೆ ಹಾರುವಾಗ ಕೊಂಚ ತಡಮಾಡುತ್ತಿದ್ದನು. ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ಈ ಸಂಗತಿಯನ್ನು ಅಣ್ಣತಮ್ಮಂದಿರು ಹೊರಗೆ ಬಿಟ್ಟುಕೊಟ್ಟಿರಲಿಲ್ಲ.

ಊರಿನ ಹಿರಿಯರು ಸಂತೆಕಟ್ಟೆಯ ಮೇಲೆ ಕುಳಿತು ಇನ್ನೊಂದು ಆಟವನ್ನು ಆಡುತ್ತಿದ್ದರು. ಒಬ್ಬೊಬ್ಬರೂ ಬೇರೆಬೇರೆ ಕೇರಿಗಳಿಂದ ಹನ್ನೊಂದು ಮಂದಿಯನ್ನು ಆರಿಸಿ ಮನಸ್ಸಿನಲ್ಲೇ ತಂಡ ಕಟ್ಟುತ್ತಿದ್ದರು. ಒಂದೇ ಕೇರಿಯಿಂದ ಮೂವರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿರಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬನನ್ನು ನಾಯಕನೆಂದು ಸಾರಬೇಕಾಗಿತ್ತು. ಅವನು ಗಳಿಸಿದ ಅಂಕಕ್ಕೆ ಎರಡರಷ್ಟು ಬೆಲೆ. ಹೀಗೆ ಆರಿಸಿದ ಆಟಗಾರನನ್ನು ಹೆಸರು ಹಿಡಿದು ಕರೆಯುವ ರೂಢಿ ಕಟ್ಟೆಯ ಮೇಲೆ ಇರಲಿಲ್ಲ. ಅವನು ಯಾವ ಕೇರಿಯವನೇ ಆಗಲಿ, ಆರಿಸಿದವನಿಗೆ 'ನಮ್ಮವ' ಆಗುತ್ತಿದ್ದನು. ಬೇಸಿಗೆಯ ಕೊನೆಗೆ ಗೆದ್ದವನಿಗೆ ಒಂದು ಹೂವಿನ ಹಾರ, ಮತ್ತು ವರ್ಷವಿಡೀ ಕಟ್ಟೆಯ ಮೇಲೆ ಮೊದಲ ಮಾತು.

ನೇಕಾರನಿಗೂ ಆಸೆಯಾಯಿತು. ಅವನು ಎಲ್ಲರ ಬಾಯಲ್ಲಿದ್ದ ಹೆಸರುಗಳನ್ನೇ ಆರಿಸಿದನು. ಕೋಟೆ ಕೇರಿಯ ಮುಂಚೂಣಿಯ ಆಟಗಾರನನ್ನು ನಾಯಕನನ್ನಾಗಿ ಮಾಡಿದನು. ಆ ವಾರ ಅವನಿಗೆ ಅಂಕವೇ ಬರಲಿಲ್ಲ; ಕಟ್ಟೆಯವರು ನಕ್ಕರು. ಆ ಆಟದಲ್ಲಿ ಪಳಗಿದ್ದ ಒಬ್ಬ ವರ್ತಕನು ಅವನನ್ನು ಕರೆದನು.

"ಏನಯ್ಯಾ, ನಿನ್ನ ನಾಯಕ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾನೆ. ಮಲಗಿದಲ್ಲಿಂದಲೇ ಗೋಲ್ ಹೊಡೆಯುತ್ತಾನೆಂದು ತಿಳಿದೆಯೇನು?"

"ಹಾಗಾದರೆ ಯಾರನ್ನು ಆರಿಸಲಿ ಸಾಹುಕಾರರೇ?"

"ಆರಿಸುವ ಮಾತು ಆಮೇಲೆ. ಮೊದಲು ಹೋಗಿ ನೋಡು. ಈ ವಾರ ಯಾರು ಮೈದಾನಕ್ಕೆ ಇಳಿಯುತ್ತಾರೆ, ಯಾರ ಎದುರು ಇಳಿಯುತ್ತಾರೆ, ಕೊನೆಯವರೆಗೂ ಆಡುತ್ತಾರೋ ನಡುವೆಯೇ ಹೊರಗೆ ಬರುತ್ತಾರೋ, ಅದನ್ನು ನೋಡು. ಒಳ್ಳೆಯ ಆಟಗಾರ ಒಂದು ವಾರ ಎಡವಿದರೆ ಬಿಟ್ಟುಬಿಡಬೇಡ. ಯಾವನೋ ಒಂದು ವಾರ ಮಿಂಚಿದನೆಂದು ಅವನ ಹಿಂದೆ ಓಡಬೇಡ. ನಾಯಕನನ್ನು ಎಲ್ಲಕ್ಕಿಂತ ಕೊನೆಗೆ ಹೆಸರಿಸು. ಇಷ್ಟು ಮಾಡು, ನಗುವವರು ತಾವಾಗಿಯೇ ಸುಮ್ಮನಾಗುತ್ತಾರೆ."

ನೇಕಾರನು ಹಾಗೆಯೇ ಮಾಡಿದನು. ಬೆಳಗಿನ ಹೊತ್ತು ಎಲ್ಲ ಕೇರಿಗಳ ಅಭ್ಯಾಸವನ್ನು ಹೋಗಿ ನೋಡಿದನು. ಯಾರ ಉಸಿರು ಬೇಗ ಸೋಲುತ್ತದೆ, ಯಾವ ತಂಡದ ರಕ್ಷಣೆ ಸಡಿಲ, ಯಾರಿಗೆ ಪೆನಾಲ್ಟಿಯನ್ನು ಒಪ್ಪಿಸುತ್ತಾರೆ ಎಂಬುದೆಲ್ಲ ಅವನಿಗೆ ತಿಳಿಯಿತು. ವಾರದಿಂದ ವಾರಕ್ಕೆ ಅವನ ಅಂಕ ಏರಿತು. ಕಟ್ಟೆಯವರು ಅವನಿಗೆ ಜಾಗ ಬಿಟ್ಟುಕೊಡತೊಡಗಿದರು. ಎಲ್ಲ ಕೇರಿಗಳಿಗೂ ಹೋಗಬೇಕಾದುದರಿಂದ ತಮ್ಮನ ಬೆನ್ನ ಹಿಂದೆ ನಿಲ್ಲಲು ಅವನಿಗೆ ಬಿಡುವಾಗಲಿಲ್ಲ. ತಮ್ಮನು ಅದನ್ನು ಆಡಿ ತೋರಿಸಲಿಲ್ಲ. ಅಣ್ಣನಿಗೆ ಹೊಸ ಗೆಳೆಯರು ದೊರೆತರೆಂದು ಸಂತೋಷಪಟ್ಟನು.

ಕೊನೆಯ ಪಂದ್ಯ ಬಂದಿತು. ನೇಕಾರರ ಕೇರಿಗೂ ಕೋಟೆ ಕೇರಿಗೂ ಆಟ. ಜಿಲ್ಲೆಯ ತಂಡಕ್ಕೆ ಒಬ್ಬ ಗೋಲ್‌ಕೀಪರ್ ಬೇಕಾಗಿದ್ದನು. ಆರಿಸುವವರು ಆ ದಿನ ಬಂದು ಕುಳಿತಿದ್ದರು. ಎರಡು ಕೇರಿಯ ಗೋಲ್‌ಕೀಪರರಲ್ಲಿ ಒಬ್ಬನನ್ನು ಕರೆದೊಯ್ಯುವರೆಂಬುದು ಎಲ್ಲರಿಗೂ ತಿಳಿದಿತ್ತು. ತಮ್ಮನು ಹುಟ್ಟಿದಂದಿನಿಂದ ಕಾದದ್ದು ಆ ದಿನಕ್ಕಾಗಿಯೇ.

ಕಟ್ಟೆಯ ಮೇಲೆ ನೇಕಾರನೂ ವರ್ತಕನೂ ಸರಿಸಮನಾಗಿದ್ದರು. ನೇಕಾರನು ಯೋಚಿಸಿದನು. ಕೋಟೆ ಕೇರಿಯ ಮುಂಚೂಣಿಯ ಆಟಗಾರನ ಕಾಲು ವಾಸಿಯಾಗಿತ್ತು. ಅವನು ಕೊನೆಯವರೆಗೂ ಆಡುವವನು. ಪೆನಾಲ್ಟಿ ದೊರೆತರೆ ಒದೆಯುವವನೂ ಅವನೇ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನೇಕಾರನು ಅವನನ್ನೇ ನಾಯಕನೆಂದು ಸಾರಿದನು. ಆ ಮಾತನ್ನು ತಮ್ಮನಿಗೆ ಹೇಳಲಿಲ್ಲ. ಹೇಳುವಂಥದೇನೂ ಇಲ್ಲ, ಇದು ಬರಿಯ ಮನಸ್ಸಿನ ಆಟ ಎಂದುಕೊಂಡನು.

ಆಟ ಆರಂಭವಾಯಿತು. ನೇಕಾರನು ಕಟ್ಟೆಯವರ ಜೊತೆಯಲ್ಲಿ ತಮ್ಮನ ಗೋಲಿಗೆ ಎದುರಾಗಿ, ಮೈದಾನದ ಆಚೆಯ ತುದಿಯಲ್ಲಿ ನಿಂತಿದ್ದನು. ತಮ್ಮನು ಅಂದು ಚೆನ್ನಾಗಿ ಆಡಿದನು. ಬಂದ ಚೆಂಡನ್ನೆಲ್ಲ ತಡೆದನು. ಎರಡು ತಂಡಗಳಿಗೂ ಗೋಲ್ ಇರಲಿಲ್ಲ. ಆಟ ಮುಗಿಯುವುದರೊಳಗೆ ಕೋಟೆ ಕೇರಿಗೆ ಒಂದು ಪೆನಾಲ್ಟಿ ಸಿಕ್ಕಿತು. ಮುಂಚೂಣಿಯ ಆಟಗಾರನು ಚೆಂಡನ್ನು ಇಟ್ಟು ಹಿಂದೆ ಸರಿದನು. ಅವನ ಎದುರಿಗೆ ತಮ್ಮನು ಕೈಗಳನ್ನು ಚಾಚಿ ನಿಂತನು. ಮೈದಾನ ನಿಶ್ಶಬ್ದವಾಯಿತು.

ನೇಕಾರನಿಗೆ ಗೆಲ್ಲಲು ಆ ಒಂದು ಗೋಲ್ ಬೇಕಾಗಿತ್ತು. ಎಡಕ್ಕೆ ಹಾರುವುದು ತಮ್ಮನಿಗೆ ಕಷ್ಟವೆಂಬುದು ಅವನ ನೆನಪಿಗೆ ಬಂದಿತು. ತಮ್ಮನ ಎಡವೆಂದರೆ, ಎದುರಿಗೆ ನಿಂತು ಒದೆಯುವವನ ಬಲ. ನೇಕಾರನು ತಡೆಯಲಾರದೆ ಕೂಗಿದನು:

"ನಮ್ಮವನೇ, ಬಲಕ್ಕೆ!"

ಒದೆಯುವವನು ತನ್ನ ಬಲಕ್ಕೆ ಒದೆದನು. ತಮ್ಮನು ಅಣ್ಣನ ದನಿಯನ್ನು ಗುರುತಿಸಿ ತನ್ನ ಬಲಕ್ಕೆ ಹಾರಿದನು. ಚೆಂಡು ಬರಿದಾದ ಎಡಗಡೆಯಿಂದ ಬಲೆಯನ್ನು ಸೇರಿತು.

ಕಟ್ಟೆಯವರು ನೇಕಾರನನ್ನು ಎತ್ತಿ ಕುಣಿಸಿದರು. ವರ್ತಕನೇ ಅವನ ಕೊರಳಿಗೆ ಹಾರವನ್ನು ಹಾಕಿದನು. ಆಗ ತಮ್ಮನು ಮೈಯ ಮಣ್ಣನ್ನೂ ಕೊಡವದೆ ಅಲ್ಲಿಗೆ ಬಂದನು. ಅವನಿಗೆ ಸಿಟ್ಟು ಬಂದಿರಲಿಲ್ಲ. ತನ್ನ ತಪ್ಪೇನೆಂದು ತಿಳಿಯಬೇಕಾಗಿತ್ತು.

"ಅಣ್ಣಾ, ನೀನು ಬಲಕ್ಕೆ ಎಂದೆ. ನಾನು ಬಲಕ್ಕೇ ಹಾರಿದೆನಲ್ಲ?"

ಏನನ್ನೂ ಅರಿಯದ ವರ್ತಕನು ನೇಕಾರನ ಬೆನ್ನು ತಟ್ಟಿ, "ನಿನ್ನ ಅಣ್ಣನನ್ನು ಹಿಡಿಯುವವರಿಲ್ಲ ಬಿಡಪ್ಪಾ! ನಾಯಕನನ್ನು ಆರಿಸಿದವನೂ ಅವನೇ, ಎತ್ತ ಒದೆಯಬೇಕೆಂದು ಹೇಳಿಕೊಟ್ಟವನೂ ಅವನೇ" ಎಂದನು.

ತಮ್ಮನು ಹಾರವನ್ನು ನೋಡಿದನು. ಅಣ್ಣನ ಮುಖವನ್ನು ನೋಡಿದನು.

"ಓ, ನೀನು ಅವನ ಬಲವೇ" ಎಂದನು.

ಹಾಗೆಂದು ಮನೆಯ ಕಡೆಗೆ ನಡೆದನು. ಆರಿಸುವವರು ಕೋಟೆ ಕೇರಿಯ ಗೋಲ್‌ಕೀಪರನನ್ನು ಕರೆದೊಯ್ದರು. ಮರುದಿನ ನೇಕಾರನು ಹಿತ್ತಿಲಿನಲ್ಲಿ ಗಳುಗಳನ್ನು ನೆಟ್ಟು ತಮ್ಮನನ್ನು ಕರೆದನು. ತಮ್ಮನು ಬಂದನು; ನಡುವೆ ನಿಂತನು. ಅಣ್ಣನು ಬೆನ್ನ ಹಿಂದೆ ನಿಂತು ಕೂಗಿದನು. ತಮ್ಮನು ಹಾರುವುದಕ್ಕೆ ಮೊದಲು ಹಿಂದಿರುಗಿ ನೋಡಿದನು.

ಗುರುಗಳು ಕತೆಯನ್ನು ನಿಲ್ಲಿಸಿದರು. ಪ್ರಭುಲಿಂಗನು ಕೇಳಿದನು: "ಹಾಗಾದರೆ ಅವನು ಎದುರಾಳಿಯನ್ನು ಆರಿಸಲೇಬಾರದಿತ್ತೇ, ಗುರುಗಳೇ? ವರ್ತಕನು ಕಲಿಸಿದ್ದು ಸುಳ್ಳೇ?"

"ವರ್ತಕನು ಕಲಿಸಿದ್ದೆಲ್ಲ ಸರಿ, ನೀನೂ ಹಾಗೆಯೇ ಆರಿಸು ಮಗು, ಆದರೆ ನೇಕಾರನ ತಂಡ ಕಲ್ಪನೆಯದಾಗಿತ್ತು, ಕೂಗಿದ ಕೊರಳು ನಿಜವಾದ ಅಣ್ಣನದಾಗಿತ್ತು."