ಉಳಿದ ಎರಡು ಪಾಲು

“ಗುರುಗಳೇ, ದಾನ ಕೊಡುವವನು ಪಡೆಯುವವನ ಯೋಗ್ಯತೆ ನೋಡಬೇಡವೇ?” ಎಂದು ಶಿಷ್ಯ ಕೇಳಿದ. ಬೆಳಿಗ್ಗೆ ಮಠದ ಬಾಗಿಲಿಗೆ ಬಂದ ಕುಡುಕನಿಗೆ ಗುರುಗಳು ಊಟ ಹಾಕಿಸಿದ್ದು ಅವನಿಗೆ ಸರಿಬಂದಿರಲಿಲ್ಲ.

ಗುರುಗಳು ನಕ್ಕರು. “ನೋಡಬೇಕಪ್ಪಾ, ಪುರುಸೊತ್ತಿದ್ದರೆ ನೋಡಬೇಕು. ಒಬ್ಬ ವರ್ತಕನಿದ್ದ, ಅವನ ಕತೆ ಕೇಳು” ಎಂದು ಹೇಳತೊಡಗಿದರು.

ವರ್ತಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಒಬ್ಬಳೇ ಮಗಳೆಂದರೆ ಜೀವ. ಅವಳಿಗೆ ಡೆಂಗಿ ಜ್ವರ ಬಂದು ಒಸಡಿನಲ್ಲಿ ರಕ್ತ ಜಿನುಗತೊಡಗಿತು, ಎಚ್ಚರವೂ ತಪ್ಪಿ ಆಸ್ಪತ್ರೆ ಸೇರಿದಳು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತೀರಾ ಇಳಿದಿವೆ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದರು ವೈದ್ಯರು. ಮರುದಿನ ಇನ್ನೂ ರಕ್ತ ಬೇಕೆಂದಾಗ ವರ್ತಕ ಅಲ್ಲಿನ ರಕ್ತನಿಧಿಗೆ ಓಡಿ ಅಂಗಿಯ ತೋಳು ಮಡಚಿದ.

ಅಲ್ಲಿದ್ದ ಹೆಂಗಸು ಪರೀಕ್ಷೆ ಮಾಡಿ, ಆಗಬಹುದು ಎಂದಳು. “ನಿಮ್ಮ ರಕ್ತವನ್ನು ಯಂತ್ರದಲ್ಲಿ ತಿರುಗಿಸುತ್ತೇವೆ ಯಜಮಾನರೇ. ಮೊಸರು ಕಡೆದಾಗ ಬೆಣ್ಣೆ ಬೇರೆ, ಮಜ್ಜಿಗೆ ಬೇರೆ ಆಗುವ ಹಾಗೆ ಅದು ಮೂರು ಪಾಲಾಗುತ್ತದೆ. ಪ್ಲೇಟ್‌ಲೆಟ್ ನಿಮ್ಮ ಮಗಳಿಗೆ. ಕೆಂಪು ಕಣ ರಕ್ತ ಸುರಿದುಹೋದವರಿಗೆ. ಹಳದಿ ನೀರಿನಂಥ ಪ್ಲಾಸ್ಮಾ ಸುಟ್ಟ ಗಾಯದವರಿಗೆ. ಇಲ್ಲೊಂದು ಸಹಿ ಹಾಕಿ.”

ವರ್ತಕ ಪೆನ್ನು ಹಿಡಿದವನು ಹಾಗೆಯೇ ನಿಂತ. ಅವನ ಅಂಗಡಿಗೆ ಕನ್ನ ಹಾಕಲು ಬಂದು, ಓಡುವಾಗ ಗೋಡೆಯಿಂದ ಜಾರಿ ತೊಡೆ ಸೀಳಿಕೊಂಡ ಕಳ್ಳ ಅದೇ ಆಸ್ಪತ್ರೆಯಲ್ಲಿ ಮಲಗಿದ್ದ. ಅವನನ್ನು ನೆನೆದರೇ ವರ್ತಕನಿಗೆ ಮೈ ಉರಿಯುತ್ತಿತ್ತು.

“ಕೆಂಪು ಕಣ ಆ ಕಳ್ಳನಿಗೆ ಹೋಗುತ್ತದೆಯೇ?” ಎಂದು ಕೇಳಿದ.

“ಯಾರಿಗೆಂದು ನಾವು ಹೇಳುವಂತಿಲ್ಲ.”

“ಹಾಗಾದರೆ ನನ್ನ ಮಗಳ ಪಾಲು ತೆಗೆದು, ಉಳಿದದ್ದನ್ನು ಮೋರಿಗೆ ಚೆಲ್ಲಿ” ಎಂದು ಸಿಡುಕಿದ.

ಆಕೆ ಸಿಟ್ಟಾಗಲಿಲ್ಲ. “ನಿಮ್ಮೊಬ್ಬರ ಪಾಲು ಅವಳಿಗೆ ಎಲ್ಲಿ ಸಾಕು ಯಜಮಾನರೇ? ನಿನ್ನೆಯಿಂದ ನಾಲ್ಕು ಚೀಲ ಪ್ಲೇಟ್‌ಲೆಟ್ ಏರಿಸಿದ್ದೇವೆ. ಅದಕ್ಕೇ ಅವಳು ಇವತ್ತು ಕಣ್ಣು ಬಿಟ್ಟಿದ್ದು. ಕೊಟ್ಟ ನಾಲ್ವರೂ ನಿಮಗೆ ಗುರುತಿನವರಲ್ಲ” ಎಂದಳು.

ಆಡಿದ ಮಾತಿಗೆ ವರ್ತಕನಿಗೆ ನಾಚಿಕೆಯಾಯಿತು. ಸಹಿ ಹಾಕಿ, ಮಂಚದ ಮೇಲೆ ಮಲಗಿ ಕೈ ಚಾಚಿದ. ವಾರ ಕಳೆಯುವುದರೊಳಗೆ ಮಗಳು ಎದ್ದು ಓಡಾಡಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಆ ನಾಲ್ವರು ಯಾರು ಗುರುಗಳೇ?” ಎಂದ.

“ಅದು ಗೊತ್ತಿಲ್ಲಪ್ಪಾ. ಆದರೆ ಅವರೂ ಯೋಗ್ಯತೆ ನೋಡಿ ಕೊಡುವವರಾಗಿದ್ದರೆ, ಮೋರಿಗೆ ಚೆಲ್ಲಿ ಎಂದವನ ಮಗಳು ಉಳಿಯುತ್ತಿರಲಿಲ್ಲ.”